ಹೊಸಾ ಪ್ಲೇಯರ್ಸ್ ಹ್ಯಾಂಡ್‌ಬುಕ್ಕು, ಹಳೇ ರೂಲು, ಮತ್ತ ನಮ್ಮ ಕೈಗಡದ ವಹಿ

ಪುಸ್ತಕ ತಗೊಂಡು ವರ್ಷದ ಮ್ಯಾಲಾತು, ರಿವ್ಯೂ ಬರಿಯಾಕ ಈಗ ಕುಂತೇನಿ, ಯಾಕಂದ್ರ ರೂಲ್‌ಬುಕ್ ಅನ್ನೂದು ಓದಿ ಹೇಳೂ ವಸ್ತು ಅಲ್ಲ, ಆಡಿ ಹೇಳೂ ವಸ್ತು. ಡಂಜನ್ಸ್ ಆಂಡ್ ಡ್ರಾಗನ್ಸ್ ಆಟದ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್. ಈ ಆಟ ಗೊತ್ತಿಲ್ಲದವರಿಗೆ ಒಂದ ಮಾತು: ನಾಕೈದು ಮಂದಿ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಕಥಿ ಕಟ್ಕೋತ ಹೋಗ್ತಾರ, ಒಬ್ಬಾಂವ ಡಂಜನ್ ಮಾಸ್ಟರ್, ಅಂದ್ರ ಡಿಎಂ, ಅಂವ ಉಳಿದ ಜಗತ್ತೆಲ್ಲಾ ನಡಸ್ತಾನ, ಕೈಹಾಕಿದ ಕೆಲಸ ಆತೋ ಇಲ್ಲೋ ಅನ್ನೂದನ್ನ ಇಪ್ಪತ್ತು ಮುಖದ ಡೈಸ್ ಹೇಳ್ತೈತಿ. ನಮ್ಮ ಮೇಜಿಗೆ ಡಿಎಂ ನಾನು. ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ಮನಿ ಮಾಳಿಗಿ ಮ್ಯಾಲಿನ ಖೋಲಿ, ಐತವಾರ ಮಧ್ಯಾಹ್ನ ಮೂರಕ್ಕ ಶುರು. ಒಬ್ಬ ಹುಡುಗ ಒಬ್ಬಾಕಿ ಹುಡುಗಿ ಧಾರವಾಡದಿಂದ ಚಿಗರಿ ಬಸ್ಸಿಗೆ ಬರ್ತಾರ, ಇನ್ನೊಬ್ಬ ಗದಗಿನಿಂದ ಟ್ರೇನಿಗೆ ಬರ್ತಾನ, ನಮ್ಮ ಕಾಕಾನ ಮಗ ಮನ್ಯಾಗ ಇರ್ತಾನ, ಮತ್ತ ಬ್ಯಾಂಕಿನ್ಯಾಗ ಕೆಲಸಾ ಮಾಡೋ ಅಕ್ಕಾರು ಒಬ್ಬರು, ಅವರು ಬರುವಾಗ ಗಿರ್ಮಿಟ್ಟು ಮಿರ್ಚಿ ಕಟ್ಟಿಸ್ಕೊಂಡ ಬರ್ತಾರ.

ನಾವು ಆಡಾಕ ಕಲ್ತಿದ್ದು 2014ರ ಪುಸ್ತಕದಿಂದ, ಐದನೇ ಎಡಿಶನ್ ಅಂತಾರಲ್ಲ ಅದು. 2024ರ ಸೆಪ್ಟೆಂಬರ್‌ದಾಗ ಬಂದಿದ್ದು ಆರನೇದಲ್ಲ, ಐದನೇದನ್ನ ತಿದ್ದಿ ಹೊಸದಾಗಿ ಅಚ್ಚು ಹಾಕಿದ್ದು, ಗೊಂದಲಾ ಶುರುವಾಗೂದ ಅಲ್ಲಿಂದ. ಎರಡಕ್ಕೂ ಹೆಸರು ಒಂದ, ಒಳಗಿನ ಶಬ್ದಾನೂ ಮುಕ್ಕಾಲು ಅವ, ಆದ್ರ ಆ ಶಬ್ದದ ಅರ್ಥ ಅಲ್ಲಲ್ಲಿ ಬ್ಯಾರೆ. ಹಂಗಾಗಿ ನನ್ನ ಹತ್ರ ಕೇಳವ್ರೆಲ್ಲಾ ಒಂದ ಪ್ರಶ್ನೆ ಕೇಳ್ತಾರ, ಅಣ್ಣಾ ನಮ್ಮ ಕಡೆ ಹಳೇದು ಐತಿ, ಹೊಸಾದು ತಗೋಬೇಕೇನು, ತಗೊಂಡ್ರ ಎರಡೂ ಕೂಡ್ಸಿ ಆಡಾಕ ಬರ್ತೈತೇನು? ಬರ್ತೈತಿ. ಆದ್ರ ಹೆಂಗ ಕೂಡಸ್ತೀರಿ ಅನ್ನೂದರ ಮ್ಯಾಲ ಎಲ್ಲಾ ಐತಿ, ಅದಕ್ಕ ಈ ರಿವ್ಯೂದಾಗ ಚಿತ್ರ ಹೆಂಗ ಅದಾವ ಅಚ್ಚು ಹೆಂಗ ಐತಿ ಅನ್ನೂದಕ್ಕಿಂತ ಅದನ್ನ ಹೆಚ್ಚಿಗೆ ಬರೀತೇನಿ.

ಚಿತ್ರ ಅಚ್ಚಿನದು ಎರಡ ಸಾಲಿನ್ಯಾಗ ಮುಗಸ್ತೇನಿ. ಹಳೇದು 320 ಪುಟ, ಹೊಸಾದು 384, ಕಾಗದ ದಪ್ಪ, ಚಿತ್ರ ಭಾಳ ಚೊಲೊ, ಹನ್ನೆರಡು ಕ್ಲಾಸು, ಅಂದ್ರ ಪಾತ್ರದ ಕಸುಬು, ಒಂದೊಂದಕ್ಕ ನಾಕ ನಾಕ ಸಬ್‌ಕ್ಲಾಸು, ಅಂದ್ರ ಆ ಕಸುಬಿನ ಕವಲು. ಅಮೆರಿಕಾದಾಗ ಅಚ್ಚಿನ ಬೆಲೆ 49.99 ಡಾಲರ್, ನನ್ನ ಕೈಗೆ ಮುಟ್ಟೂ ಹೊತ್ತಿಗೆ ನಾಕ ಸಾವಿರ ರೂಪಾಯಿ ಆತು, ಆನ್‌ಲೈನ್ ತರಿಸಿದ್ದೆ, ಒಂದ ಮೂಲಿ ಜಜ್ಜಿ ಬಂತು, ಬದಲಿ ಕೊಡಾಕ ಆಗೂದಿಲ್ಲ ಅಂದ್ರು, ಇಟ್ಕೊಂಡೆ. ಒಳಗ ಒಂದ ಪುಟಾನೂ ಕಿತ್ತಿಲ್ಲ, ವರ್ಷಗಟ್ಟಲೆ ಐದು ಮಂದಿ ಕೈ ಬಿದ್ರೂ ಹೊಲಿಗಿ ಗಟ್ಟಿ ಐತಿ.

ಈಗ ವಿಷಯಕ್ಕ ಬರ್ತೇನಿ. ನಮ್ಮ ಕಡೆ ಕೈಗಡಾ ಅಂತಾರಲ್ಲ, ಬಾಜೂ ಮನಿಯಿಂದ ಒಂದ ವಾಟಗಾ ಸಕ್ಕರಿ, ಹೆಪ್ಪು ಹಾಕಾಕ ಒಂದ ಚಮಚಾ ಮೊಸರು, ಬಡ್ಡಿ ಇಲ್ಲ ಪತ್ರ ಇಲ್ಲ ಆದ್ರ ಯಾರ ಮನಿಯಿಂದ ತಂದ್ವಿ ಅನ್ನೂದು ನೆನಪಿರಬೇಕು. ಒಂದ ಎಡಿಶನ್ನಿನ ರೂಲು ಇನ್ನೊಂದಕ್ಕ ತರೂದೂ ಅದ ಥರಾ. ಹೆಪ್ಪಿನಂಥ ರೂಲು ಕೆಲವು ಇರ್ತಾವ, ಒಂದ ಚಮಚಾ ಹಾಕಿದ್ರ ಸಾಕು ಹಾಲೆಲ್ಲಾ ತನ್ನಂಗ ಮಾಡ್ಕೊತಾವ, ಅಂಥಾವನ್ನ ಹುಷಾರಾಗಿ ತರಬೇಕು.

ಈ ಪುಸ್ತಕದಾಗ ನನಗ ಎಲ್ಲಾಕಿಂತ ಮನಸಿಗೆ ಬಂದಿದ್ದು ಹಿಂದಿನ ಪುಟಗೋಳ್ಯಾಗಿನ ರೂಲ್ಸ್ ಗ್ಲಾಸರಿ. ಹಳೇ ಪುಸ್ತಕದಾಗ ಅಡಗಿ ಕೂಡೂ ರೂಲು ನೋಡಬೇಕಂದ್ರ ಏಳನೇ ಅಧ್ಯಾಯದಾಗ ಒಂದ ಬಾಕ್ಸು ಓದಬೇಕು, ಆಮ್ಯಾಲ ಒಂಬತ್ತನೇದ್ರಾಗ ಕಾಣದವರ ಮ್ಯಾಲ ಹೊಡಿಯೂ ರೂಲು ಓದಬೇಕು, ಎರಡೂ ಕೂಡಿಸಿ ನೀವ ಅರ್ಥ ಮಾಡ್ಕೋಬೇಕು, ಆಟ ನಿಂತಿರ್ತೈತಿ, ಬಜಿ ಆರಿ ಹೋಗಿರ್ತಾವ. ಹೊಸಾದ್ರಾಗ ಹೈಡ್ ಅಂತ ತಗದ್ರ ಒಂದ ಜಾಗಾದಾಗ ಎಲ್ಲಾ ಸಿಗ್ತೈತಿ, ಎಂಥಾ ಮರೆ ಇರಬೇಕು, ಸ್ಟೆಲ್ತ್, ಅಂದ್ರ ಸದ್ದಿಲ್ಲದ ಅಡಗೂ ಡೈಸು, ಎಷ್ಟ ಬರಬೇಕು (15), ಸಿಕ್ಕಿಬೀಳೂದು ಯಾವಾಗ. ಆ 15 ಅನ್ನೂ ಗಟ್ಟಿ ನಂಬರು ನನಗ ಪಸಂದಿಲ್ಲ, ಎದುರಿಗೆ ಮಲಗಿದ ಕಾವಲುಗಾರ ಇದ್ರೂ 15, ಗಿಡುಗನಂಥ ಕಣ್ಣಿನಾಂವ ಇದ್ರೂ ಮೊದಲು 15 ಅಂದ್ರ ಹೆಂಗ. ಆದ್ರೂ ರೂಲು ಬಿಡಿಬಿಡಿಯಾಗಿ ಸಿಗೂದರಿಂದ ಒಂದನ್ನ ಎತ್ತಿ ಇನ್ನೊಂದು ಕಡೆ ಹಚ್ಚಾಕ ಹಗುರ ಆಗೇತಿ, ಹಳೇದನ್ನ ಆಡೂ ಮಂದಿ ಈ ಪುಸ್ತಕ ಬರೇ ಈ ಪುಟಕ್ಕಾಗಿ ತಂದ್ರೂ ರೊಕ್ಕ ದಂಡ ಅಲ್ಲ.

ಹಗುರ ಆದ್ದರಿಂದಲೇ ಮೊದಲ ತಿಂಗಳು ನಾವು ಕೈಗೆ ಸಿಕ್ಕಿದ್ದೆಲ್ಲಾ ಎತ್ಕೊಂಡ್ವಿ. ಆ ಐತವಾರ ನನಗ ಇನ್ನೂ ಕಣ್ಣಿಗೆ ಕಟ್ಟಿದಂಗ ಐತಿ. ಧಾರವಾಡದ ಹುಡುಗ ಪ್ಯಾಲಡಿನ್, ಅಂದ್ರ ಆಣಿ ಮಾಡಿದ ಧರ್ಮಯೋಧ, ಆಡ್ತಾನ, ಐದನೇ ಲೆವೆಲ್ಲು, ಕೈಯಾಗ ದೊಡ್ಡ ಮಾಲ್, ಅಂದ್ರ ಎರಡೂ ಕೈಲೆ ಬೀಸೂ ಸುತ್ತಿಗಿ. ಅಂವ ಕೇಳಿದ, ಅಣ್ಣಾ ಕ್ಲಾಸ್ ಹೊಸಾದು ತಗೊಂತೇನಿ, ಸ್ಮೈಟ್ ಮಾತ್ರ ಹಳೇದ ಇರಲಿ, ಅದು ನನಗ ರೂಢಿ ಆಗೇತಿ. ಸ್ಮೈಟ್ ಅಂದ್ರ ತಾಕಿದ ಏಟಿಗೆ ದೈವಶಕ್ತಿ ಕೂಡಿಸಿ ಹೆಚ್ಚಿಗೆ ಹೊಡಿಯೂದು. ನಾ ಆತು ಅಂದೆ. ನಾ ಮೂರು ವಾರ ಕೂತು ಬರದಿದ್ದ ಬಾವಿ ಕಾಯೂ ದೈತ್ಯ ಎದುರಿಗೆ ನಿಂತಿದ್ದ, 70 ಎಚ್‌ಪಿ, ಅಂದ್ರ ಅಷ್ಟು ಹೊಡತಾ ತಿನ್ನೂತನಾ ಜೀವ. ಮೊದಲ ಏಟು ತಾಕಿತು, 2ಡಿ6ಗೆ, ಅಂದ್ರ ಆರು ಮುಖದ ಎರಡ ಡೈಸಿಗೆ, ಒಂಬತ್ತು, ತಾಕತ್ತಿನ ಬೋನಸ್ಸು ನಾಕು, ಎರಡನೇ ಲೆವೆಲ್ಲಿನ ಸ್ಲಾಟ್ (ಮಂತ್ರಶಕ್ತಿಯ ಒಂದ ಪಾಲು) ಖರ್ಚು ಮಾಡಿ ಸ್ಮೈಟ್ 3ಡಿ8ಕ್ಕ ಹದಿನೈದು, ಕೂಡಿ 28. ಮಾಲ್‌ಗೆ ಹೊಸಾ ಪುಸ್ತಕದಾಗ ಟಾಪಲ್ ಅನ್ನೂ ಮಾಸ್ಟರಿ, ಅಂದ್ರ ಆಯುಧದ ವಿಶೇಷ ಕಸರತ್ತು, ಐತಿ, ಏಟು ತಾಕಿದ್ರ ಎದುರಿನಾಂವ ಕಾನ್‌ಸ್ಟಿಟ್ಯೂಶನ್ ಸೇವ್ (ಮೈಗಟ್ಟಿತನದಿಂದ ತಡಕೊಳ್ಳೂ ಡೈಸು) ಮಾಡಬೇಕು, ಎಂಟಕ್ಕ ತಾಕತ್ತಿನ ನಾಕು ಪ್ರೊಫಿಶಿಯನ್ಸಿ (ಲೆವೆಲ್ಲಿನ ಜೋಡಿ ಏರೂ ಪರಿಣತಿ ಅಂಕಿ) ಮೂರು ಕೂಡಿಸಿ ಡಿಸಿ, ಅಂದ್ರ ಮುಟ್ಟಬೇಕಾದ ಅಂಕಿ, 15, ದೈತ್ಯಂದು ಬಂದಿದ್ದು ಹನ್ನೊಂದು, ಬಿದ್ದ. ಬಿದ್ದವನ ಮ್ಯಾಲ ಎರಡನೇ ಏಟಿಗೆ ಅಡ್ವಾಂಟೇಜ್, ಅಂದ್ರ ಎರಡ ಡೈಸಿನ್ಯಾಗ ದೊಡ್ಡದು ಲೆಕ್ಕಕ್ಕ, ಎರಡೂ ಒಗದ, ಒಂದ್ರಾಗ 20. ಕ್ರಿಟಿಕಲ್, ಎಲ್ಲಾ ಡೈಸ್ ಡಬಲ್, ಮತ್ತೊಂದು ಸ್ಮೈಟ್ ಹಾಕ್ತೇನಿ ಅಂದ, ಸುತ್ತಿಗೀದು 15 ಮತ್ತ ನಾಕು, ಸ್ಮೈಟಿಂದು 6ಡಿ8ಕ್ಕ 29, ಒಟ್ಟ 48. ದೈತ್ಯ ಬಾಯಿ ತಗಿಯೂದರೊಳಗ ಸತ್ತ. ಉಳಿದ ನಾಕು ಮಂದಿಗೆ ತಮ್ಮ ಪಾಳಿನ ಬರಲಿಲ್ಲ. ಹುಡುಗ ಖುಷಿಯಾಗಿ ಎದ್ದು ನಿಂತಾಂವ ಎಲ್ಲಾರ ಮಾರಿ ನೋಡಿ ಹಂಗ ಕುಂತ, ಅದನ್ನ ನೋಡಿ ನನಗ ಭಾಳ ಕೆಟ್ಟ ಅನಿಸ್ತು, ತಪ್ಪು ಅವಂದಲ್ಲ.

ರಾತ್ರಿ ಎರಡೂ ಪುಸ್ತಕ ಬಿಚ್ಚಿ ಕುಂತೆ. ಹಳೇದ್ರಾಗ ಸ್ಮೈಟ್‌ಗೆ ಆಕ್ಷನ್ (ಪಾಳಿಯ ಮುಖ್ಯ ಕೆಲಸ) ಬೇಕಿಲ್ಲ, ತಾಕಿದ ಪ್ರತಿ ಏಟಿಗೂ ಹಾಕಬಹುದು, ಆದ್ರ ಆಗ ಟಾಪಲ್ ಇರಲಿಲ್ಲ, ಗಾಯಕ್ಕ ಕೈ ಇಟ್ಟು ವಾಸಿ ಮಾಡೂದಕ್ಕ ಪೂರ್ತಿ ಆಕ್ಷನ್ ಹೋಗ್ತಿತ್ತು. ಹೊಸಾದ್ರಾಗ ಟಾಪಲ್ ಕೊಟ್ಟಾರ, ಕೈ ಇಟ್ಟು ವಾಸಿ ಮಾಡೂದನ್ನ ಬೋನಸ್ ಆಕ್ಷನ್ನಿಗೆ, ಅಂದ್ರ ಪಾಳಿಗೆ ಒಂದ ಸಲ ಸಿಗೂ ಸಣ್ಣ ಹೆಚ್ಚಿನ ಕೆಲಸಕ್ಕ, ಇಳಿಸ್ಯಾರ, ಅದಕ್ಕ ಬದಲಿ ಸ್ಮೈಟನ್ನ ಸ್ಪೆಲ್ (ಮಂತ್ರ) ಮಾಡಿ ಅದನ್ನೂ ಬೋನಸ್ ಆಕ್ಷನ್ನಿಗೆ ಹಾಕ್ಯಾರ. ಅಂದ್ರ ಒಂದ ಪಾಳ್ಯಾಗ ಸ್ಮೈಟ್ ಒಂದ ಸಲ, ಇಲ್ಲಾ ವಾಸಿ ಮಾಡೂದು, ಎರಡರಾಗ ಒಂದು ಆರಿಸ್ಕೋಬೇಕು. ಔಷಧಿ ಕುಡಿಯೂದೂ ಹೊಸಾದ್ರಾಗ ಬೋನಸ್ ಆಕ್ಷನ್. ಈ ಪುಸ್ತಕ ಬರದವ್ರು ಬೋನಸ್ ಆಕ್ಷನ್ ಅನ್ನೂ ಸಣ್ಣ ಬಾಗಲದಾಗ ಬೇಕಂತನ ಗದ್ದಲಾ ಮಾಡ್ಯಾರ, ಎಲ್ಲಾರೂ ಅಲ್ಲಿಂದನ ಹೋಗಬೇಕು. ನಾನು ಸ್ಮೈಟ್‌ಗೆ ಹಿತ್ತಲ ಬಾಗಲಾ ತಗದು ಕೊಟ್ಟಿದ್ದೆ, ಅಂವ ಉಂಡೂ ಹೋದ ಕೊಂಡೂ ಹೋದ.

ಅವತ್ತಿಂದ ನಮ್ಮ ಮೇಜಿನ ಕಾಯ್ದೆ ಇದು: ಆಟಗಾರನ ಕೈಯಾಗಿನ ಸಾಮಾನು, ಅಂದ್ರ ಕ್ಲಾಸು ಸ್ಪೆಲ್ಲು ಅವನ ಶಕ್ತಿ, ತಂದ್ರ ಪೂರ್ತಿ ತರೂದು, ಅರ್ಧಾ ಹರದು ತರೂದಿಲ್ಲ. ಡಿಎಂ ಕೈಯಾಗಿನ ಸಾಮಾನು, ಅಂದ್ರ ಶತ್ರು ಯಾವಾಗ ಓಡ್ತಾನ, ದಾರಿ ಹೆಂಗ ಸವಿಸೂದು, ದಣಿವು ಹೆಂಗ ಲೆಕ್ಕಾ ಹಾಕೂದು, ಇವನ್ನ ಯಾವ ಎಡಿಶನ್ನಿಂದ ಬೇಕಾದ್ರೂ ತರಬಹುದು, ಆದ್ರ ಅದರ ಬೇರು ಎಲ್ಲಿತನಾ ಹೋಗೇತಿ ಅಂತ ನೋಡಿ.

ಬೇರಿನ ಮಾತು ಯಾಕ ಬಂತಂದ್ರ ಗದಗಿನ ಹುಡುಗನ ಕಥಿ ಐತಿ. ಅವತ್ತಿಗೆ ನಾವು ಇನ್ನೂ 2014ರದ್ದನ್ನ ಮೂಲ ಇಟ್ಕೊಂಡು ಹೊಸಾದ್ರಿಂದ ಕೈಗಡಾ ತರ್ತಿದ್ವಿ. ನಮ್ಮ ಕಥ್ಯಾಗ ಕಪ್ಪತಗುಡ್ಡದಂಥ ಒಂದ ಗುಡ್ಡಸಾಲು ಬರ್ತೈತಿ, ಚೈತ್ರದ ಬಿಸಲು, ನೀರಿಲ್ಲ, ನಡಕೊಂಡ ಹೋಗಬೇಕು. ದಣಿವಿನ ರೂಲು, ಎಗ್ಸಾಶನ್ ಅಂತಾರ, ಹಳೇದ್ರಾಗ ಆರು ಮೆಟ್ಟಿಲು, ಒಂದೊಂದು ಮೆಟ್ಟಿಲಿಗೆ ಒಂದೊಂದು ಥರಾ ತ್ರಾಸು: ಮೊದಲನೇದಕ್ಕ ಎಬಿಲಿಟಿ ಚೆಕ್‌ಗೆ (ಹತ್ತೂದು ಹುಡುಕೂದು ಇಂಥಾ ಕೆಲಸದ ಡೈಸಿಗೆ) ಡಿಸಡ್ವಾಂಟೇಜ್, ಅಂದ್ರ ಎರಡ ಡೈಸಿನ್ಯಾಗ ಸಣ್ಣದು ಲೆಕ್ಕಕ್ಕ, ಎರಡನೇದಕ್ಕ ನಡಿಗಿ ಅರ್ಧಾ, ಮೂರನೇದಕ್ಕ ಹೊಡತಕ್ಕೂ ಸೇವ್‌ಗೂ ಡಿಸಡ್ವಾಂಟೇಜ್, ನಾಕನೇದಕ್ಕ ಎಚ್‌ಪಿ ಅರ್ಧಾ, ಹಿಂಗ ಹೋಗಿ ಆರನೇದಕ್ಕ ಸಾವು. ಯಾರಿಗೂ ಬಾಯಿಪಾಠ ಇರೂದಿಲ್ಲ. ಹೊಸಾದ್ರಾಗ ಒಂದ ಸಾಲು, ಪ್ರತಿ ಮೆಟ್ಟಿಲಿಗೆ ಡಿ20 ಒಗಿಯೂ ಎಲ್ಲಾದಕ್ಕೂ ಎರಡು ಕಡಿಮಿ, ನಡಿಗಿ ಐದು ಅಡಿ ಕಡಿಮಿ, ಆರಕ್ಕ ಸಾವು. ಇಷ್ಟು ಚಂದಾದ ರೂಲು ನಾ ಭಾಳ ದಿನದಾಗ ನೋಡಿರಲಿಲ್ಲ. ಗುಡ್ಡ ಹತ್ತುವಾಗ ಎಲ್ಲಾರೂ ತಮ್ಮ ಶೀಟಿನ ಮೂಲ್ಯಾಗ ಗೀಟು ಹಾಕ್ಕೊಂತ ಹೋದ್ರು, ಒಂದ ಗೀಟು ಎರಡ ಗೀಟು, ಅಕ್ಕಾರು ಮೂರನೇ ಗೀಟು ಎಳಿಯುವಾಗ ಖರೇನ ನೀರು ಕುಡದ್ರು.

ಆದ್ರ ಗದಗಿನ ಹುಡುಗ ಬಾರ್ಬೇರಿಯನ್, ಅಂದ್ರ ಸಿಟ್ಟಿನ ಬಲದ ಮ್ಯಾಲ ಹೊಡದಾಡೂ ಕ್ಲಾಸು, ಅದರಾಗ ಹಳೇ ಬರ್ಸರ್ಕರ್ ಸಬ್‌ಕ್ಲಾಸು. ಅವಂಗ ಫ್ರೆಂಜಿ ಅಂತ ಒಂದ ಶಕ್ತಿ, ಉಪಯೋಗ ಮಾಡಿದ್ರ ಸಿಟ್ಟು ಇಳಿದ ಮ್ಯಾಲ ಒಂದ ಮೆಟ್ಟಿಲು ದಣಿವು. ಹಳೇ ರೂಲಿನ್ಯಾಗ ಆ ಮೊದಲ ಮೆಟ್ಟಿಲು ಏಟಿಗೂ ಸೇವ್‌ಗೂ ಏನೂ ಮಾಡೂದಿಲ್ಲ, ಹೊಡತಕ್ಕ ತ್ರಾಸು ಬರೂದು ಮೂರನೇ ಮೆಟ್ಟಿಲಿಗೆ. ಹೊಸಾ ದಣಿವು ತಂದ ಕೂಡ್ಲೆ ಮೊದಲ ಫ್ರೆಂಜಿಯಿಂದನ ಪ್ರತಿ ಏಟಿಗೂ ಎರಡು ಕಡಿಮಿ, ಸೇವ್‌ಗೂ ಎರಡು ಕಡಿಮಿ. ಅಂವ ಎರಡ ವಾರ ಸುಮ್ಮ ಆಡಿದ, ಮೂರನೇ ವಾರ ಫ್ರೆಂಜಿ ಅನ್ನೂದನ್ನ ಬಾಯಾಗ ತಗಿಯೂದ ಬಿಟ್ಟ, ನಾ ಕೇಳಿದಾಗ ಹೇಳಿದ, "ಅಣ್ಣಾ, ಎಲ್ಲಾರಿಗೂ ಬಿಸಲು ಹತ್ತೇತಿ, ನನಗ ಒಬ್ಬಂಗ ಎರಡ ಸಲ ಹತ್ತಾಕತ್ತೇತಿ." 2024ರ ಬರ್ಸರ್ಕರ್‌ನ ಫ್ರೆಂಜಿಯಾಗ ದಣಿವಿನ ಬೆಲೆ ತಗದ ಬಿಟ್ಟಾರ, ದಣಿವಿನ ರೂಲು ಬದಲಿಸಿದವ್ರ ಅದನ್ನೂ ಬದಲಿಸ್ಯಾರ, ನಾ ಒಂದ ತಂದು ಇನ್ನೊಂದ ಅಲ್ಲೇ ಬಿಟ್ಟು ಬಂದಿದ್ದೆ. ಮುಂದಿನ ವಾರ ಅವನ ಸಬ್‌ಕ್ಲಾಸೂ ಹೊಸಾದು ಮಾಡಿದ್ವಿ.

ಅಸಾಸಿನ್, ಅಂದ್ರ ಮರೆಯಿಂದ ಕೊಲ್ಲೂ ಪಾತ್ರ, ಆಡೂ ಧಾರವಾಡದ ಹುಡುಗಿಗೂ ಇದ ಆತು. ಹಳೇದ್ರಾಗ ಬೇಖಬರ್ ಇದ್ದಾಂವ ಮೊದಲ ಪಾಳಿನ ಕಳಕೊತಾನ, ಅಂಥವನಿಗೆ ಅಸಾಸಿನ್ ಏಟು ತಾಕಿದ್ರ ಅದು ಕ್ರಿಟಿಕಲ್. ಹೊಸಾದ್ರಾಗ ಬೇಖಬರ್ ಅಂದ್ರ ಇನಿಶಿಯೇಟಿವ್‌ಗೆ (ಯಾರ ಪಾಳಿ ಮೊದಲು ಅನ್ನೂ ಡೈಸಿಗೆ) ಡಿಸಡ್ವಾಂಟೇಜ್ ಅಷ್ಟ. ಹೊಸಾ ಸರ್ಪ್ರೈಜ್, ಅಂದ್ರ ಈ ಬೇಖಬರ್ ರೂಲು, ಹಚ್ಚಿ ಹಳೇ ಅಸಾಸಿನ್ ಇಟ್ರ ಅಕಿ ಕೈಯಾಗ ಉಳಿಯೂದು ಬರೇ ಹೆಸರು.

ಹಳೇ ಪಾತ್ರ ಹೊಸಾ ಪುಸ್ತಕಕ್ಕ ತರೂದರ ಬಗ್ಗೆ ಪುಸ್ತಕದಾಗನ ಒಂದ ಸಣ್ಣ ಬಾಕ್ಸ್ ಐತಿ, ದಯಮಾಡಿ ಓದ್ರಿ, ಭಾಳ ಮಂದಿ ದಾಟಿ ಹೋಗ್ತಾರ. ಹಳೇದ್ರಾಗ ಗುಣದ ಅಂಕಿ ಏರೂದು ಜಾತಿಯಿಂದ, ಅಂದ್ರ ಡ್ವಾರ್ಫ್ ಎಲ್ಫ್ ಹಿಂಗ, ಹೊಸಾದ್ರಾಗ ಏರೂದು ಬ್ಯಾಕ್‌ಗ್ರೌಂಡಿನಿಂದ, ಅಂದ್ರ ಪಾತ್ರದ ಹಿಂದಿನ ಬದುಕಿನಿಂದ. ನಮ್ಮ ಕಾಕಾನ ಮಗ ಹಳೇ ಮೌಂಟನ್ ಡ್ವಾರ್ಫ್ ತಗೊಂಡು ಹೊಸಾ ಸೋಲ್ಜರ್ ಬ್ಯಾಕ್‌ಗ್ರೌಂಡ್ ಹಚ್ಚಿದ್ದ, ತಾಕತ್ತು 15, ಡ್ವಾರ್ಫಿಂದು ಎರಡು, ಸೋಲ್ಜರಿಂದು ಎರಡು, ಒಂದನೇ ಲೆವೆಲ್ಲಿಗೆ 19. ಬಾಕ್ಸ್ ಹೇಳೂದು ಇಷ್ಟ, ಹಳೇ ಜಾತಿ ತಂದ್ರ ಅದರ ಅಂಕಿ ಬಿಡ್ರಿ, ಹಳೇ ಬ್ಯಾಕ್‌ಗ್ರೌಂಡ್ ತಂದ್ರ ಅಂಕೀನೂ ಒಂದ ಒರಿಜಿನ್ ಫೀಟೂ (ಶುರುವಿಗೆ ಸಿಗೂ ವಿಶೇಷ ಕಲೆ) ನೀವ ಕೂಡಿಸ್ಕೋರಿ. ಹಾಫ್ ಎಲ್ಫ್ ಹಾಫ್ ಓರ್ಕ್ ಹೊಸಾ ಪುಸ್ತಕದಾಗ ಇಲ್ಲ, ಬೇಕಾದವ್ರು ಈ ದಾರಿಲೆ ತಂದ್ಕೊಬಹುದು. ಸಬ್‌ಕ್ಲಾಸು ಈಗ ಎಲ್ಲಾರಿಗೂ ಮೂರನೇ ಲೆವೆಲ್ಲಿಗೆ, ಹಳೇ ಕ್ಲೆರಿಕ್‌ಗೆ (ಪೂಜಾರಿಯಂಥ ಕ್ಲಾಸು) ಮೊದಲನೇದಕ್ಕ ಸಿಗ್ತಿತ್ತು, ಹಳೇ ಡೊಮೇನ್, ಅಂದ್ರ ಕ್ಲೆರಿಕ್ ಸಬ್‌ಕ್ಲಾಸು, ತಂದ್ರ ಮೂರರ ತನಾ ಕಾಯ್ರಿ, ಅಷ್ಟ.

ಎಚ್‌ಪಿ ಹೊಳ್ಳಿ ಬರೂ ಸ್ಪೆಲ್ ಹೊಸಾದ್ರಾಗ ಜೋರಾಗ್ಯಾವ, ಕ್ಯೂರ್ ವೂಂಡ್ಸ್ 1ಡಿ8 ಇದ್ದಿದ್ದು 2ಡಿ8 ಆಗೇತಿ. ಇದನ್ನ ಹಳೇ ಆಟಕ್ಕ ಹಂಗ ತಂದ್ರೂ ನಡೀತೈತಿ, ನಮ್ಮ ಅಕ್ಕಾರು ಕ್ಲೆರಿಕ್ ಆಡ್ತಾರ, ಅವರ ಮಾರಿ ಮ್ಯಾಲ ನಗಿ ಬಂದಿದ್ದ ಇದರಿಂದ, ನಾ ಬ್ಯಾಡ ಅನ್ನೂ ಪ್ರಶ್ನೇನ ಇಲ್ಲ.

ಈಗ ಇನ್ನೂ ಹಿಂದಕ ಹೋಗ್ತೇನಿ, ಯಾಕಂದ್ರ ಕೈಗಡಾ ಬರೇ 2014ಕ್ಕ ನಿಂತಿಲ್ಲ. ಆಟ ಶುರುವಾಗಿದ್ದು 1974ರಾಗ, ಗ್ಯಾರಿ ಗೈಗ್ಯಾಕ್ಸ್ ಡೇವ್ ಆರ್ನೆಸನ್ ಮಾಡಿದ್ದು. ಆಮ್ಯಾಲ 1989ಕ್ಕ ಎರಡನೇ ಎಡಿಶನ್, 2000ಕ್ಕ ಮೂರನೇದು, 2003ಕ್ಕ ಅದರ ತಿದ್ದುಪಡಿ 3.5, 2008ಕ್ಕ ನಾಕನೇದು. ಇವು ಒಂದ ಮನಿ ಮಕ್ಕಳು ಖರೇ, ಆದ್ರ ಅಳತಿ ಒಂದ ಅಲ್ಲ. ಇಪ್ಪತ್ತನೇ ಲೆವೆಲ್ಲಿನ ಫೈಟರ್‌ಗೆ ಮೂರನೇ ಎಡಿಶನ್ನಿನ್ಯಾಗ ಬರೇ ಕ್ಲಾಸಿನಿಂದ ಹೊಡತಕ್ಕ +20 ಬರ್ತಿತ್ತು, ಐದನೇದ್ರಾಗ ಆ ಜಾಗಾದಾಗ ಪ್ರೊಫಿಶಿಯನ್ಸಿ +6. ಅಲ್ಲಿಯ ಡಿಸಿ 30 ಒಬ್ಬ ಬಲ್ಲವನಿಗೆ ದಿನದ ಕೆಲಸ, ಇಲ್ಲಿ 30 ಅಂದ್ರ ಆಗೂದ ಇಲ್ಲ ಅನ್ನೂ ಲೆಕ್ಕ. ಹಂಗಾಗಿ 3.5ರ ಕಥಿ ತರ್ರಿ, ನಕ್ಷಾ ತರ್ರಿ, ಬಲೆ ಹೆಂಗ ಹೂಡ್ಯಾರ ಅನ್ನೂ ಬುದ್ಧಿ ತರ್ರಿ, ಅಂಕಿ ಅಲ್ಲೇ ಬಿಡ್ರಿ. ಬರದವ್ರು ಈ ಬೀಗ ಸಾದಾ ಅಂದಿದ್ರೋ ಕಠಿಣ ಅಂದಿದ್ರೋ ನೋಡಿ, ಸಾದಾಕ್ಕ 10, ನಡುವಿನದಕ್ಕ 15, ಕಠಿಣಕ್ಕ 20 ಹಾಕ್ಕೊರಿ. ಅದಕ್ಕೂ ಹಳೇವ್ರಾಗ ಎಸಿ, ಅಂದ್ರ ಕವಚದ ಅಂಕಿ, ಉಲ್ಟಾ, ಕಡಿಮಿ ಇದ್ದಷ್ಟೂ ಗಟ್ಟಿ, ಅಲ್ಲಿ 3 ಅಂದ್ರ ಇಪ್ಪತ್ತರಾಗ ಮೂರು ಕಳದು ಇಲ್ಲಿ 17, ಇದೊಂದು ಮಾತ್ರ ಸೀದಾ ಲೆಕ್ಕ. ಮತ್ತ ಎರಡನೇ ಎಡಿಶನ್ನಿಗಿಂತ ಮೊದಲಿನ ಆಟದಾಗ ಎಕ್ಸ್‌ಪೀರಿಯನ್ಸ್ (ಲೆವೆಲ್ ಏರಿಸೂ ಪಾಯಿಂಟು) ಬರೂದು ಹೆಚ್ಚಿಗೆ ಬಂಗಾರದಿಂದ, ಒಂದ ನಾಣ್ಯಕ್ಕ ಒಂದ ಪಾಯಿಂಟು, ಅದಕ್ಕ ಹಳೇ ಡಂಜನ್ನಿನ್ಯಾಗ ಬಂಗಾರ ಮೂಟಿಗಟ್ಲೆ ಇಟ್ಟಿರ್ತಾರ. ಅದನ್ನ ಹಂಗ ತಂದು ಎಕ್ಸ್‌ಪೀರಿಯನ್ಸ್ ಮಾತ್ರ ಹೊಸಾ ಲೆಕ್ಕದಾಗ ಕೊಟ್ರ ಮೂರನೇ ಲೆವೆಲ್ಲಿನವ್ರು ಊರ ಕೊಂಡ್ಕೊಂಡ ಕೂಡ್ತಾರ.

ನಾಕನೇ ಎಡಿಶನ್ನಿಗೆ ಮಂದಿ ಭಾಳ ಬೈದಾರ, ನನಗ ಅದರ ಮ್ಯಾಲ ಪ್ರೀತಿ ಐತಿ. ಅರ್ಧಾ ಎಚ್‌ಪಿ ಇಳಿದಾಂವಂಗ ಬ್ಲಡಿಡ್ ಅನ್ನೂ ಶಬ್ದ ಅಲ್ಲಿಂದು, 2024ರ ಪುಸ್ತಕದಾಗ ಅದನ್ನ ಹೊಳ್ಳಿ ತಂದಾರ. ಮಿನಿಯನ್ ಅನ್ನೂದೂ ಅಲ್ಲಿಂದು, ಒಂದ ಎಚ್‌ಪಿ ಇರೂ ಪುಡಿ ಶತ್ರು, ತಾಕಿದ್ರ ಸತ್ತ, ಇಪ್ಪತ್ತು ಮಂದಿ ಮುತ್ತಿದ್ರೂ ಡಿಎಂಗೆ ಲೆಕ್ಕ ಇಡೂ ತ್ರಾಸಿಲ್ಲ. ಇದನ್ನ ನಾವು ತಂದ್ವಿ. ಕಾಕಾನ ಮಗನ ಕೈಯಾಗ ಗ್ರೇಟ್‌ಸೋರ್ಡ್, ಹೊಸಾ ಪುಸ್ತಕದಾಗ ಅದಕ್ಕ ಗ್ರೇಜ್ ಮಾಸ್ಟರಿ, ಏಟು ತಪ್ಪಿದ್ರೂ ತಾಕತ್ತಿನಷ್ಟು ಡ್ಯಾಮೇಜ್. ಒಂದ ಎಚ್‌ಪಿ ಇದ್ದಾಂವಂಗ ತಪ್ಪಿದ್ರೂ ಸಾವು ಅಂದ್ರ ಡೈಸ್ ಒಗಿಯೂದು ಯಾಕ? ನಾಕನೇ ಎಡಿಶನ್ ಪುಸ್ತಕ ಬಿಚ್ಚಿ ಮಿನಿಯನ್ನಿನ ಸಾಲು ಪೂರ್ತಿ ಓದಿದೆ, ತಪ್ಪಿದ ಏಟು ಮಿನಿಯನ್ನಿಗೆ ಎಂದೂ ಡ್ಯಾಮೇಜ್ ಮಾಡೂದಿಲ್ಲ ಅಂತ ಅಲ್ಲೇ ಬರದಾರ. ಒಂದ ಎಚ್‌ಪಿ ಅನ್ನೂ ಮಾತು ತಂದು ಈ ಮಾತು ಬಿಟ್ಟು ಬಂದಿದ್ವಿ. ಈಗ ಎರಡೂ ಅದಾವ. ಕೊಡ್ಲಿ ಹಿಡದವ್ರ ಕ್ಲೀವ್ ಮಾತ್ರ ಮಿನಿಯನ್ ಗುಂಪಿಗೆ ಹೇಳಿ ಮಾಡಿಸಿದಂಗ ಐತಿ, ಒಬ್ಬಂಗ ತಾಕಿದ್ರ ಬಾಜೂದವನ ಮ್ಯಾಲ ಇನ್ನೊಂದು ಏಟು, ಇವು ಎರಡು ಹದಿನಾರು ವರ್ಷ ಅಂತರದಾಗ ಬರದ ರೂಲು ಅಂತ ಯಾರೂ ಅನ್ನೂದಿಲ್ಲ.

ಎಲ್ಲಾಕಿಂತ ಚೊಲೊ ಕೈಗಡಾ ಅಂದ್ರ 1981ರ ಬೇಸಿಕ್ ಸೆಟ್ಟಿನ ಮೊರಾಲ್, ಅಂದ್ರ ಶತ್ರುವಿನ ಧೈರ್ಯದ ರೂಲು. ಪ್ರತಿ ಶತ್ರುವಿಗೂ ಎರಡರಿಂದ ಹನ್ನೆರಡರೊಳಗ ಒಂದ ಅಂಕಿ, ಗಾಬ್ಲಿನ್‌ಗೆ (ಕುಳ್ಳ ಪುಡಿ ರಾಕ್ಷಸ) 7, ಎಲುಬಿನ ಹಂದರಕ್ಕ 12. ಅವರ ಕಡೆ ಮೊದಲನೇಯಾಂವ ಸತ್ತಾಗ ಒಮ್ಮೆ, ಅರ್ಧಾ ಮಂದಿ ಬಿದ್ದಾಗ ಒಮ್ಮೆ, ಡಿಎಂ 2ಡಿ6 ಒಗೀತಾನ, ಆ ಅಂಕಿಗಿಂತ ಹೆಚ್ಚು ಬಂದ್ರ ಧೈರ್ಯ ಮುರೀತು. 7 ಇದ್ದಾಂವ 36 ಸಲದಾಗ 15 ಸಲ ಓಡ್ತಾನ, 12 ಇದ್ದದ್ದು ಎಂದೂ ಓಡೂದಿಲ್ಲ. 2014ರ ಡಂಜನ್ ಮಾಸ್ಟರ್ಸ್ ಗೈಡಿನ್ಯಾಗೂ ಬೇಕಾದ್ರ ಇರಲಿ ಅಂತ ಒಂದ ಮೊರಾಲ್ ಕೊಟ್ಟಾರ, ವಿಜ್ಡಮ್ ಸೇವ್ ಡಿಸಿ 10. ನನಗ ಅದು ಒಪ್ಪಿಗಿ ಆಗೂದಿಲ್ಲ, ವಿವೇಕ ಇದ್ದಷ್ಟೂ ಗಟ್ಟಿ ನಿಲ್ತಾನ ಅನ್ನೂದು ಯಾವ ಲೆಕ್ಕ, ವಿವೇಕ ಇದ್ದಾಂವನ ಮೊದಲ ಓಡ್ತಾನ. ಹಳೇದ್ರಾಗ ಧೈರ್ಯಕ್ಕ ಅದರದ ಅಂಕಿ.

ನಮ್ಮ ಬಾವಿ ನಕ್ಷಾ ನಾ ತಗದಿದ್ದು ಲಕ್ಕುಂಡಿ ಮುಸುಕಿನ ಬಾವಿ ನೋಡಿ ಬಂದು. ಗದಗಿನಿಂದ ಹತ್ತಾ ಹನ್ನೆರಡು ಕಿಲೋಮೀಟರ್, ಮಾಣಿಕೇಶ್ವರ ಗುಡಿ ಬಾಜೂಕ, ಇಳಕೋತ ಹೋದಂಗ ಮೆಟ್ಟಿಲ ನಡುವ ಸಣ್ಣ ಸಣ್ಣ ಗೂಡು, ಒಂದೊಂದು ಗೂಡೂ ಒಂದೊಂದು ಗುಡಿ ಇದ್ದಂಗ. ಆಟದಾಗ ಆ ಗೂಡಿನ್ಯಾಗ ಗಾಬ್ಲಿನ್ ಅಡಗಿದ್ದು, ಎಂಟು ಮಂದಿ. ಮೊದಲನೇದು ಬಿದ್ದಾಗ ಒಗದೆ, ಐದು ಬಂತು, ನಿಂತ್ರು. ನಾಕನೇದು ಬಿದ್ದಾಗ ಒಗದೆ, ಒಂದ್ರಾಗ ಮೂರು, ಒಂದ್ರಾಗ ಆರು. ಒಂಬತ್ತು. ನಾ ಹೇಳಿದೆ, ಕೆಳಗಿನ ಮೆಟ್ಟಿಲ ಮ್ಯಾಲ ನಿಂತ ಗಾಬ್ಲಿನ್ ಕೈಯಾಗಿನ ಈಟಿ ನೀರಾಗ ಒಗದು ಗೂಡಿನೊಳಗ ತಲಿ ಹಾಕಿ ಕುಂತ, ಬೆನ್ನು ಹೊರಗ ಕಾಣಾಕತ್ತೇತಿ. ಮೇಜಿನ ಮ್ಯಾಲ ಯಾರೂ ಮಾತಾಡಲಿಲ್ಲ. ಆರು ವರ್ಷದಾಗ ನಮ್ಮ ಆಟದಾಗ ಶತ್ರು ಅಂದ್ರ ಸಾಯೂತನಾ ಹೊಡಿಯೂದು, ಬೆನ್ನು ತೋರಿಸಿ ಕುಂತಾಂವ ಇವನ ಮೊದಲು. ಅಸಾಸಿನ್ ಹುಡುಗಿ ಡೈಸ್ ಕೈಯಾಗ ಹಿಡಕೊಂಡಿದ್ಲು, ಕೆಳಗ ಇಟ್ಲು. ಅಕ್ಕಾರು ಕೇಳಿದ್ರು, "ಇಂವಂಗ ಹೆಸರು ಏನ್ರಿ?" ನನ್ನ ಹತ್ರ ಹೆಸರು ಇರಲಿಲ್ಲ, ಅವರ ಒಂದ ಇಟ್ರು. ಆ ಗಾಬ್ಲಿನ್ ಇವತ್ತಿಗೂ ಅವರ ಜೋಡಿ ಅದಾನ, ದಾರಿ ತೋರಸ್ತಾನ. ಓಡಿಸಿದ ಶತ್ರುವಿಗೂ ಎಕ್ಸ್‌ಪೀರಿಯನ್ಸ್ ಪೂರ್ತಿ ಅಂತ ಅವತ್ತ ಬರಕೊಂಡ್ವಿ, ಇಲ್ಲಾಂದ್ರ ಆಟಗಾರ್ರು ಓಡೂವನ ಬೆನ್ನ ಹತ್ತಿ ಕೊಲ್ತಾರ, ರೂಲು ಉಲ್ಟಾ ಹೊಡೀತೈತಿ.

ಬರಕೊಂಡ್ವಿ ಅಂದ್ರ ಎಲ್ಲಿ? ವಹ್ಯಾಗ. ದೀಪಾವಳಿಗೆ ಅಂಗಡ್ಯಾಗ ಪೂಜಾ ಮಾಡ್ತಾರಲ್ಲ ಕೆಂಪು ರಟ್ಟಿನ ವಹಿ, ಅಂಥಾದ್ದೊಂದು ತಂದು ಮೇಜಿನ ಮ್ಯಾಲ ಇಟ್ಟೇವಿ. ಯಾವ ರೂಲು, ಯಾವ ಎಡಿಶನ್ನಿಂದು, ಅದರ ಜೋಡಿ ಇನ್ನೇನ ತರಬೇಕಾತು, ಎಷ್ಟ ವಾರ ಪರೀಕ್ಷಾ. ಮೂರು ಐತವಾರ ಆಡಿ ಆಮ್ಯಾಲ ಎಲ್ಲಾರೂ ಕೂಡಿ ಇಡೂದೋ ಬಿಡೂದೋ ಹೇಳ್ತೀವಿ, ಒಬ್ಬ ಬ್ಯಾಡ ಅಂದ್ರೂ ತಗದ ಹಾಕ್ತೀವಿ, ಡಿಎಂ ಅಂತ ನನಗ ಎರಡ ಓಟು ಇಲ್ಲ. ಈಗ ಮೂಲ ಪುಸ್ತಕ 2024ರದ್ದು, ವಹ್ಯಾಗ ಉಳಿದಾವು ಒಂಬತ್ತು, ಹೊಡದು ಹಾಕಿದ್ದು ಹದಿನಾಕು. ಗದಗಿನ ಹುಡುಗ ಹೋದ ವಾರ ನಾಕನೇ ಎಡಿಶನ್ನಿನ ಸ್ಕಿಲ್ ಚಾಲೆಂಜ್ ಬರದಾನ, ಮೂರು ಸಲ ಸೋಲೂದರೊಳಗ ನಾಕು ಸಲ ಗೆದ್ರ ಮಳಿಗಾಲದ ಹಳ್ಳ ದಾಟಿದಂಗ, ಇನ್ನೂ ಪರೀಕ್ಷಾದಾಗ ಐತಿ.

ಪುಸ್ತಕದ ಮ್ಯಾಲ ನನ್ನ ತಕರಾರು ದೊಡ್ಡದು ಒಂದ. ಹಳೇದು ಹೊಸಾದು ಎರಡೂ ಕೂಡಿ ನಡೀತಾವ ಅನ್ನೂ ಆಟಕ್ಕ ಕೂಡಿಸೂದು ಹೆಂಗ ಅಂತ ಹತ್ತು ಪುಟಾನಾದ್ರೂ ಬೇಕಿತ್ತು. ಒಂದ ಸಣ್ಣ ಬಾಕ್ಸ್ ಸಾಲೂದಿಲ್ಲ, ಸ್ಮೈಟ್ ಟಾಪಲ್ ಕಥಿ ಹೊಸಾ ಡಿಎಂ ತಾನ ಬಿದ್ದ ಕಲೀಬೇಕು ಅಂದ್ರ ಒಂದ ಐತವಾರ ಐದು ಮಂದಿದು ಹೋಗ್ತೈತಿ, ಅದರಾಗ ಒಬ್ಬ ಎರಡ ತಾಸು ಟ್ರೇನಿನ್ಯಾಗ ಕೂತು ಬಂದಿರ್ತಾನ.

ತಗೊಳ್ಳೂದಾದ್ರ ಒಂದ ಮೇಜಿಗೆ ಒಂದ ಸಾಕು, ಐದು ಮಂದಿ ಕೂಡಿ ರೊಕ್ಕ ಹಾಕ್ರಿ. ಬರೇ ರೂಲು ನೋಡಬೇಕು ಅನ್ನೂವ್ರಿಗೆ ಎಸ್‌ಆರ್‌ಡಿ ಅಂತ ಮೂಲ ರೂಲಿನ ಪಿಡಿಎಫ್ ಪುಕ್ಕಟೆ ಐತಿ, ಹಳೇದರದ್ದು 5.1, 2023ರ ಜನವರಿಯಾಗ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿಗೆ ಬಿಟ್ರು, ಹೊಸಾದರದ್ದು 5.2, 2025ರ ಏಪ್ರಿಲ್‌ದಾಗ. ಎರಡೂ ಇಳಿಸ್ಕೊಂಡು ಬಾಜೂ ಬಾಜೂ ತಗದು ನೋಡ್ರಿ, ದಣಿವು, ಸ್ಮೈಟ್, ಸರ್ಪ್ರೈಜ್, ಈ ಮೂರು ಮೊದಲು. ಎಲ್ಲಾ ಸಬ್‌ಕ್ಲಾಸ್ ಅದ್ರಾಗ ಇರೂದಿಲ್ಲ, ಕ್ಲಾಸಿಗೆ ಒಂದೊಂದ ಇರ್ತಾವ, ಆದ್ರ ವರ್ಷ ಆಡಾಕ ಅಷ್ಟ ಸಾಕು. ಹಳೇ ಪುಸ್ತಕ ರದ್ದಿಗೆ ಹಾಕಬ್ಯಾಡ್ರಿ. ಹುಬ್ಬಳ್ಳಿ ಧಾರವಾಡದಾಗ ಯಾರಿಗಾದ್ರೂ ಎರಡೂ ಕೈಯಾಗ ಹಿಡದು ತಾಳೆ ಹಾಕಿ ನೋಡೂದಿತ್ತಂದ್ರ ಮೆಸೇಜ್ ಹಾಕ್ರಿ, ಐತವಾರ ಎರಡೂ ಮೇಜಿನ ಮ್ಯಾಲ ಇರ್ತಾವ, ವಹೀನೂ ಇರ್ತೈತಿ, ಮೂರರೊಳಗ ಬರ್ರಿ.